ಸ್ಥಿತಿ ವರದಿ: ಲಾಟ್ ಎಪ್ಪತ್ತೊಂದು

ಕಾಗದ: ಬಿಳಿಯಲ್ಲ, ಕಾಯಿಸಿಟ್ಟ ಹಾಲಿನ ಕೆನೆಯ ಬಣ್ಣ.
ಅಳತೆ: ನನ್ನ ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ.
ಮಾಧ್ಯಮ: ಮಸಿ.
ವಿಷಯ: ಗೊತ್ತಿಲ್ಲ.

ಗೊತ್ತಿಲ್ಲ ಅಂತ ಬರೆಯುವ ಹಾಗಿಲ್ಲ,
ಅಮೂರ್ತ ಅಂತ ಬರೆಯಬೇಕು.

ಮನಾಮದ ಈ ಹೋಟೆಲಿನ ನೆಲಮಾಳಿಗೆಯಲ್ಲಿ
ಏಸಿ ಹದಿನೆಂಟಕ್ಕೆ ನಿಂತಿದೆ.
ಹೊರಗೆ ಅಕ್ಟೋಬರ್ ಬಂದರೂ ಗಾಳಿ
ಹಿಂಡದ ಟವೆಲಿನಂತೆ ಮುಖಕ್ಕೆ ಕೂರುತ್ತದೆ.
ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಹಿಡಿದೆ.
ಕಾಗದದಲ್ಲಿ ದಿಣ್ಣೆ ತಗ್ಗು ಎದ್ದವು:
ಕುಂಚ ಎಲ್ಲಿ ಓಡಿತು, ಎಲ್ಲಿ ಎಡವಿತು,
ಎಲ್ಲಿ ಮನುಷ್ಯ ಉಸಿರು ಕಟ್ಟಿ
ಸುಮ್ಮನೆ ನಿಂತ,
ಮಸಿ ಅಲ್ಲೇ ಕೆರೆಯಾಯಿತು.

ನನ್ನ ಕೆಲಸ ಕಲೆ ಹುಡುಕುವುದು.
ಯಾವ ಕಲೆ ಎಂದು ಕೇಳಬೇಡಿ;
ನಮ್ಮ ಭಾಷೆ ಎರಡಕ್ಕೂ ಒಂದೇ ಮಾತು ಕೊಟ್ಟು
ಕೈತೊಳೆದುಕೊಂಡಿದೆ.

ಎಡ ಅಂಚಿಗೆ ತೇವದ ಗೆರೆ, ಹಳೆಯದು.
ನೆತ್ತಿಯಲ್ಲಿ ಮೂರು ಕಂದು ಚುಕ್ಕೆ, ಬೂಷ್ಟು.
ಬೆನ್ನಿಗೆ ಟೇಪು ಕಿತ್ತ ಹಳದಿ,
ಪೆನ್ಸಿಲಿನ ಅರಬಿಯಲ್ಲಿ ‘ಮಾರಾಟಕ್ಕಲ್ಲ’,
ಅದರ ಮೇಲೆ ಅದೇ ಪೆನ್ಸಿಲಿನ ಗೀಟು.

ಮತ್ತೆ ಕೆಳಗೆ, ಬಲಕ್ಕೆ,
ಎಲ್ಲ ಗದ್ದಲದಿಂದ ದೂರ
ಒಂದು ಬೊಟ್ಟು.
ಸಾಸಿವೆಗಿಂತ ದೊಡ್ಡದು, ಕಡಲೆಯಷ್ಟಿಲ್ಲ.

ಕ್ಯಾಟಲಾಗಿಗೆ ಪ್ರಬಂಧ ಬರೆದ ಮಹನೀಯರು
ಇದಕ್ಕೇ ಅರ್ಧ ಪುಟ ಕೊಟ್ಟಿದ್ದಾರೆ:
ಬಿರುಗಾಳಿ ತನ್ನನ್ನೇ ಆಲಿಸುವ ಜಾಗ,
ಶೂನ್ಯದ ಕಿವಿ, ಇತ್ಯಾದಿ.
ಓದಿ ತಲೆದೂಗಿದೆ. ನನಗೂ ಏನೋ ಅನ್ನಿಸಿತ್ತು,
ಕಿವಿ ಅಂತಲ್ಲ, ದೃಷ್ಟಿಬೊಟ್ಟು ಅಂತ.
ಮಗು ಮುದ್ದಾಗಿ ಕಂಡಿತೆಂದು
ಅಮ್ಮ ಕೆನ್ನೆಗೆ ಒತ್ತುವ ಕಾಡಿಗೆ.
ಇನ್ನೂರು ಕಣ್ಣು ಬೀಳುವಲ್ಲಿಗೆ ಹೊರಟದ್ದಕ್ಕೆ
ಇರಲಿ ಒಂದು.

ಆಗ ಮುಹರ್ರಕ್‌ನಿಂದ ಫೋನು.
ಮಾರುತ್ತಿರುವಾಕೆ, ಕಲಾವಿದನ ಹೆಂಡತಿ ಬದ್ರಿಯಾ.
ಎಂಬತ್ತೆರಡರ ದನಿ, ಸುಣ್ಣದ ಡಬ್ಬಿಯಂತೆ ಖಣಖಣ.
ಅವರ ಹಿಂದಿ ನನ್ನ ಅರಬಿಗಿಂತ ವಾಸಿ.

‘ಆ ಚುಕ್ಕೆ ಅವನದಲ್ಲ ಮಗಳೇ, ನನ್ನದು.
ಅವನು ಬಳಿದು ಒಣಗಲು ಬಿಟ್ಟು ಮೀನು ತರಲು ಹೋಗಿದ್ದ.
ಅದೇ ಮೇಜಿನ ಮೂಲೆಯಲ್ಲಿ ನಾನು
ಕೋಲ್ಡ್ ಸ್ಟೋರಿನ ಉದ್ರಿ ಲೆಕ್ಕ ಬರೆಯುತ್ತಿದ್ದೆ.
ಪೆನ್ನು ಹರಿಯಲಿಲ್ಲ. ಕೊಡವಿದೆ.
ಅವನಿಗೆ ಸಾಯುವ ತನಕ ಗೊತ್ತಾಗಲಿಲ್ಲ.’

ಸ್ವಲ್ಪ ತಡೆದು:
‘ಗೊತ್ತಾಗಿತ್ತೋ ಏನೋ.
ಆಮೇಲಿನ ಚಿತ್ರಗಳಿಗೆಲ್ಲ
ಒಂದೊಂದು ಇಡತೊಡಗಿದ.’

ವರದಿಯಲ್ಲಿ ಎರಡೇ ಖಾನೆ:
ಕಲಾವಿದನ ಕೈ, ಪರರ ಕೈ.
ಪರರದೆಂದರೆ ಬೆಲೆ ಕಾಲುಭಾಗ ಬೀಳುತ್ತದೆ.
ಬಾಗಿಲಲ್ಲಿ ಮ್ಯಾನೇಜರ್ ಘಸ್ಸಾನ್ ಗಡಿಯಾರ ನೋಡಿದ.
ಮೊದಲು ನನ್ನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದೆ:
ಕೆಳ ಬಲ ಮೂಲೆ, ಒಂದು ಬೊಟ್ಟು, ಮನೆಯವರ ಕೈ.
ಇಂಗ್ಲಿಷಿಗೆ ತರುವಾಗ ‘ಮನೆಯವರು’
ಯಾವ ಖಾನೆಗೂ ಹಿಡಿಸಲಿಲ್ಲ.
ಎರಡರ ನಡುವಿನ ಗೆರೆಯ ಮೇಲೆ ಹೆಂಡತಿ ಎಂದೇ ಬರೆದು
ಸಹಿ ಹಾಕಿದೆ.
ಘಸ್ಸಾನ್ ಓದಿದ. ಏನೂ ಅನ್ನಲಿಲ್ಲ.
ಅಂದಿದ್ದರೆ ಚೆನ್ನಾಗಿತ್ತು.

ಗುರುವಾರ ಸಂಜೆ ಮಹಡಿಯಲ್ಲಿ ಊದಿನ ಹೊಗೆ, ಗಹ್ವಾ, ಖರ್ಜೂರ.
ಇಬ್ಬರು ನೇಪಾಳಿ ಹುಡುಗರು ಬಿಳಿ ಕೈಗವಸಿನಲ್ಲಿ
ಎಪ್ಪತ್ತೊಂದನ್ನು ಎತ್ತಿ ಹಿಡಿದರು,
ಹೆರಿಗೆ ಕೋಣೆಯಿಂದ ಕೂಸು ತಂದು ತೋರಿಸುವಂತೆ.
ನಾಲ್ಕು ಸಾವಿರ ದಿನಾರ್. ನಾಲ್ಕೂವರೆ.
ಎದ್ದ ಕೈಯೊಂದು ಮೂಗು ತುರಿಸಿಕೊಂಡು ಇಳಿಯಿತು.
ಐದು. ಐದು, ಒಂದು ಸಲ.
ಯಾವುದೋ ಫೋನಿನ ಆಚೆಯಿಂದ ಐದು ಸಾವಿರದ ಇನ್ನೂರು.
ಸುತ್ತಿಗೆಯ ಸದ್ದು ಇಷ್ಟು ಸಣ್ಣದೆಂದು
ಪ್ರತಿ ಸಲವೂ ಮರೆಯುತ್ತೇನೆ.

ಮರುದಿನ ಬದ್ರಿಯಾಗೆ ನಾನೇ ಹೇಳಿದೆ.
ಅವರು ಕೇಳಿದ್ದು ಒಂದೇ:
‘ಅದರಲ್ಲಿ ಚುಕ್ಕೆಗೆಷ್ಟು?’

ನಗುತ್ತಾರೆಂದು ಕಾದೆ. ನಗಲಿಲ್ಲ.
ಆ ಕೋಲ್ಡ್ ಸ್ಟೋರ್ ಈಗಿಲ್ಲವಂತೆ,
ಅದರ ಮುಂದಿದ್ದ ಕಡಲೂ ಇಲ್ಲ, ತುಂಬಿಸಿ ರಸ್ತೆ ಮಾಡಿದರು.
ಅಂಗಡಿಯವನು ಯಾವ ಊರಿಗೆ ಹೋದನೋ.
ಅವತ್ತು ಬರೆಯುತ್ತಿದ್ದ ಬಾಕಿ
ಮೂರು ದಿನಾರ್ ನಾನೂರು ಫಿಲ್ಸ್.